ನಾಯಿಗಳ ಅಡುಗೆಯವರು

ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಅವರು ಅಡುಗೆಯವರೆಂದು ಎಲ್ಲರಿಗೂ ಗೊತ್ತಿತ್ತು. ಮನುಷ್ಯರಿಗೆ ಅಡುಗೆ ಮಾಡಲು ಬರುವುದಿಲ್ಲವೆಂದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಅವರು ಮಾಡಿದ್ದು ಅಲ್ಲಿನ ನಾಯಿಗಳಿಗೆ ಬೇಯಿಸಿ ಹಾಕುವ ಕೆಲಸ. ಬಂದೂಕು ಹಿಡಿದಿದ್ದೀರಾ ಎಂದು ಕೇಳಿದರೆ, "ಟ್ರೈನಿಂಗಲ್ಲಿ ಹಿಡಿದಿದ್ದೆ, ಆಮೇಲೆ ಬರೀ ಸೌಟೇ" ಎನ್ನುತ್ತಿದ್ದರು. ಬೀದಿಯವರ ಬಾಯಲ್ಲಿ ಅವರು ಮಿಲಿಟ್ರಿ ಅಂಕಲ್. ನಾನೂ ಅಂಕಲ್ ಎಂದೇ ಕರೆಯುತ್ತಿದ್ದೆ. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯಬಹುದಿತ್ತು. ಆದರೆ ಇಲ್ಲಿ ಹೇಳಹೊರಟಿರುವುದರಲ್ಲಿ ನನ್ನದೊಂದು ತಪ್ಪಿದೆ, ಅದರ ಜೊತೆಗೆ ಅವರ ಹೆಸರನ್ನು ಎಳೆದು ತರುವುದು ಬೇಡವೆನಿಸಿತು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಹತ್ತು ವರ್ಷ ಅಕ್ಕಪಕ್ಕದಲ್ಲಿದ್ದರೂ ಆ ಗೋಡೆಯ ಮೇಲೆ ಹಾದುಹೋದ ಮಾತು "ನೀರು ಬಂತಾ?", "ಇನ್ನೂ ಇಲ್ಲ" ಎನ್ನುವಷ್ಟೇ. ಅವರು ಬೆಳಿಗ್ಗೆ ಎರಡು ಬಕೆಟ್ ಹಿಡಿದು ಹೊರಟರೆ ನಾನು ಹಲಸೂರಿನ ಶಾಲೆಗೆ ಕನ್ನಡ ಪಾಠ ಮಾಡಲು ಹೊರಡುತ್ತಿದ್ದೆ. ಮಾತು ಬೆಳೆದದ್ದು ಲಾಕ್‌ಡೌನಿನಲ್ಲಿ, ನಮ್ಮ ಜಿಮ್ಮಿಯಿಂದಾಗಿ. ಜಿಮ್ಮಿ ಹುಟ್ಟಿನಿಂದ ಬೀದಿನಾಯಿ. ಆದರೆ ನಾನು ಸೋಮಾರಿ, ಹಾಗಾಗಿ ಅದು ಬೆಳೆದದ್ದು ಅಂಗಡಿಯ ಪ್ಯಾಕೆಟ್ ತಿಂದು. ಅಂಗಡಿ ಮುಚ್ಚಿ, ಇದ್ದ ಪ್ಯಾಕೆಟ್ ಬರಿದಾದಾಗ ನಾನು ಅನ್ನ ಕಲಸಿ ಹಾಕಿದೆ. ಮೂಸಿ ನೋಡಿ ತಿರುಗಿ ಮಲಗಿತು. ಸಪ್ಪೆ ಅನ್ನವನ್ನು ಹಾಗೇ ಹಾಕಿದ್ದೇ ತಪ್ಪಿರಬೇಕು ಎಂದುಕೊಂಡು, ಮಾರನೆಯ ದಿನ ಸಾಸಿವೆ, ಇಂಗು, ಕರಿಬೇವು, ಅರ್ಧ ಈರುಳ್ಳಿ ಹಾಕಿ ಚೆನ್ನಾಗಿ ಒಗ್ಗರಣೆ ಕೊಟ್ಟೆ. ಈ ವಾಸನೆಗೆ ಯಾರು ತಾನೇ ಏಳುವುದಿಲ್ಲ? ಜಿಮ್ಮಿಯಲ್ಲ, ಗೋಡೆಯಾಚೆಯಿಂದ ಅವರು ಎದ್ದು ಬಂದರು.

"ಟೀಚರಮ್ಮ, ಈ ಒಗ್ಗರಣೆ ಯಾರಿಗೆ?"

"ಜಿಮ್ಮಿಗೆ ಅಂಕಲ್."

"ಈರುಳ್ಳಿ ಹಾಕಿದೀರಾ?"

"ಒಂಚೂರು."

ಗೋಡೆಯ ಮೇಲಿಂದ ಕೈ ಚಾಚಿ ಬಟ್ಟಲು ತೆಗೆದುಕೊಂಡವರೇ ಅನ್ನವನ್ನು ಕಸದ ಡಬ್ಬಿಗೆ ಸುರಿದುಬಿಟ್ಟರು. ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ. ಈ ಮೂರು ನಿಮ್ಮನೇಲಿ ಇರ್ಲಿ, ಅವ್ರ ತಟ್ಟೇಲಿ ಬೇಡ. ವಿಷ ಅದು. ಉಪ್ಪು, ಖಾರಾನೂ ಬೇಡ. ಬಾಗಿಲು ತೆಗೀರಿ, ಏನೇನಿದೆ ನೋಡೋಣ" ಎಂದರು.

ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದು ನನ್ನ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದೇ ತೆರೆದು ನೋಡಿದರು. ಮೇಲಧಿಕಾರಿ ಬಂದು ತಪಾಸಣೆ ಮಾಡುವಾಗ ನಾವು ಶಾಲೆಯಲ್ಲಿ ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದೆ. ಏನೂ ಇಲ್ಲ ಅಂಕಲ್ ಎಂದೆ. ಅಕ್ಕಿ ಇತ್ತು, ರಾಗಿಹಿಟ್ಟಿತ್ತು, ನಾಲ್ಕು ಮೊಟ್ಟೆ, ಒಂದು ಹೋಳು ಸಿಹಿಗುಂಬಳ, ಬಾಡಿದ ಎರಡು ಕ್ಯಾರೆಟ್.

"ಇಷ್ಟೆಲ್ಲಾ ಇಟ್ಕೊಂಡು ಏನೂ ಇಲ್ಲ ಅಂತೀರಲ್ಲ! ಹಿಮ ಬಿದ್ದು ಲಾರಿ ಬರ್ದೇ ಇದ್ದಾಗ ನನ್ ಹತ್ರ ಇದ್ರಲ್ಲಿ ಅರ್ಧಾನೂ ಇರ್ತಿರ್ಲಿಲ್ಲ."

ಅಂದು ಅವರು ಮಾಡಿ ತೋರಿಸಿದ್ದನ್ನೇ ನಾನು ಇಂದಿಗೂ ಮಾಡುವುದು. ಅಕ್ಕಿಯನ್ನು ನೀರು ಹೆಚ್ಚಿಗೆ ಇಟ್ಟು ಮುದ್ದೆಯಾಗುವಷ್ಟು ಬೇಯಿಸಬೇಕು. ಕುಂಬಳ, ಕ್ಯಾರೆಟ್ಟನ್ನು ಬೇರೆ ಬೇಯಿಸಿ ಹಿಸುಕಬೇಕು. ಮೊಟ್ಟೆ ಬೇಯಿಸಿ ಪುಡಿ ಮಾಡಿ ಬೆರೆಸಬೇಕು. ಸಿಪ್ಪೆಯನ್ನೂ ಬಿಸಾಡುವಂತಿಲ್ಲ, ತೊಳೆದು ಕಾವಲಿಯ ಮೇಲೆ ಗರಿಗರಿ ಮಾಡಿ ಮಿಕ್ಸಿಗೆ ಹಾಕಿ ನುಣ್ಣಗೆ ಪುಡಿ ಮಾಡಿಟ್ಟುಕೊಂಡು ಒಂದು ಚಿಟಿಕೆ ಹಾಕಬೇಕು. ಕೋಳಿ ಸಿಕ್ಕ ದಿನ ಕೋಳಿ, ಆದರೆ ಬೆಂದ ಮೂಳೆ ಒಂದೂ ಉಳಿಯಕೂಡದು. ಮೂಳೆ ಹುಡುಕಲು ಅವರು ಸೌಟು ಬಳಸುತ್ತಿರಲಿಲ್ಲ, ಐದೂ ಬೆರಳು ದಬರಿಯೊಳಗೆ ಇಳಿಸುತ್ತಿದ್ದರು. ಆರಿದೆಯೇ ಎಂದು ನೋಡುವುದು ಮಣಿಕಟ್ಟಿಗೆ ತಾಗಿಸಿ. ಎಲ್ಲ ಮುಗಿದ ಮೇಲೆ ಒಂದು ತುತ್ತು ತಮ್ಮ ಬಾಯಿಗೆ. ನಾನು ಮುಖ ಸಿಂಡರಿಸಿದ್ದನ್ನು ನೋಡಿ ಹೇಳಿದರು: "ಅವ್ರು ಬಾಯಿಬಿಟ್ಟು ಹೇಳಲ್ಲ ಟೀಚರಮ್ಮ. ಹಳಸಿದೆಯಾ, ಬೆಂದಿಲ್ವಾ, ನಾವೇ ತಿಂದು ಹೇಳ್ಬೇಕು."

ಇಷ್ಟು ಮಾಡಿದರೂ ಜಿಮ್ಮಿ ತಿನ್ನಲಿಲ್ಲ. ನನಗೆ ಒಳಗೊಳಗೆ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು. ಅವರು ಇನ್ನೊಂದು ಬಟ್ಟಲಿಗೆ ಅದನ್ನೇ ಹಾಕಿಕೊಂಡು, ಜಿಮ್ಮಿಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಸದ್ದು ಮಾಡುತ್ತಾ ತಿನ್ನತೊಡಗಿದರು. "ಬನ್ನಿ ಮೇಡಂ, ಊಟ ಮಾಡಿ" ಎಂದು ಜಿಮ್ಮಿಯನ್ನು ಕರೆದರು. ಎಲ್ಲ ನಾಯಿಗೂ ಅವರದು ಬಹುವಚನವೇ. ಎರಡು ನಿಮಿಷ ನೋಡಿದ ಜಿಮ್ಮಿ ಎದ್ದು ಬಂದು ತನ್ನ ಬಟ್ಟಲಿಗೆ ಬಾಯಿ ಹಾಕಿತು. ಸೈನ್ಯದಲ್ಲಿ ನಾಯಿಯನ್ನು ನೋಡಿಕೊಳ್ಳುವ ಜವಾನ ರಜೆಯ ಮೇಲೆ ಊರಿಗೆ ಹೋದಾಗ ಕೆಲವು ನಾಯಿ ಊಟ ಬಿಡುತ್ತಿದ್ದವಂತೆ. ಅಂಥವುಗಳ ಮುಂದೆ ಇವರು ಹೀಗೇ ಕೂರುತ್ತಿದ್ದರಂತೆ. "ಒಬ್ಬೊಬ್ರಿಗೆ ಉಣ್ಣೋಕೆ ಜೊತೆ ಬೇಕಾಗುತ್ತೆ. ಅಷ್ಟೇ" ಎಂದರು.

ಬೆಳಗಿನ ಎರಡು ಬಕೆಟ್ ಹಲಸೂರು ಕೆರೆಯ ಕಡೆಯ ಬೀದಿನಾಯಿಗಳಿಗೆ. ಅದನ್ನು ಅವರು ಪುಣ್ಯ ಎಂದಾಗಲಿ ಸೇವೆ ಎಂದಾಗಲಿ ಕರೆದದ್ದು ನಾನು ಕೇಳಿಲ್ಲ. ಡ್ಯೂಟಿ ಎನ್ನುತ್ತಿದ್ದರು. ಒಮ್ಮೆ ವಾಕಿಂಗ್ ಬಂದ ಒಬ್ಬರು, "ನೀವು ಹೀಗೆ ಹಾಕಿ ಹಾಕೀನೇ ಇವು ಇಲ್ಲಿ ಸೇರೋದು. ಕಚ್ಚಿದ್ರೆ ಯಾರ್ರೀ ಜವಾಬ್ದಾರಿ?" ಎಂದು ಜೋರು ಮಾಡಿದರು. ಇವರು ತಣ್ಣಗೆ, "ಹೊಟ್ಟೆ ತುಂಬಿದ ಮೇಲೆ ಯಾರು ಕಚ್ತಾರೆ ಸಾರ್? ನೀವು ಕಚ್ತೀರಾ?" ಎಂದರು. ಆ ಮನುಷ್ಯ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಮುಂದೆ ಹೋದರು.

ಮನುಷ್ಯರ ಊಟಕ್ಕೆ ಬಂದರೆ ಅವರದು ಶೂನ್ಯ. ಆ ಮನೆಯಲ್ಲಿ ಒಲೆ ಎರಡು, ರಾಜ್ಯ ಎರಡು. ಹಿತ್ತಲ ಒಲೆ ಅವರದು, ಒಳಗಿನದು ಅವರ ಹೆಂಡತಿ, ನಮ್ಮ ಆಂಟಿಯದು. ಆಂಟಿ ಕೆ.ಆರ್.ಪುರದ ಕಡೆಯವರು, ಬಾಯಿ ಜೋರು, ಕೈ ಧಾರಾಳ. ಅವರ ಉಪ್ಪಿನಕಾಯಿಗೆ ನಮ್ಮ ಬೀದಿಯೇನು, ಇಂದಿರಾನಗರದ ಕೆಲವು ಮನೆಗಳಿಂದಲೂ ಜನ ಬರುತ್ತಿದ್ದರು. ಒಮ್ಮೆ ಆಂಟಿ ತಂಗಿಯ ಮನೆಯ ಮದುವೆಗೆಂದು ಹೊರಮಾವಿಗೆ ಹೋಗಿ ಮೂರು ದಿನ ಬರಲಿಲ್ಲ. ಅಂಕಲ್ ನನ್ನನ್ನು ಹೆಮ್ಮೆಯಿಂದ ಊಟಕ್ಕೆ ಕರೆದರು. ತಾವೇ ಸಾರು ಮಾಡಿದ್ದರು. ಉಪ್ಪಿಲ್ಲ, ಹುಳಿಯಿಲ್ಲ, ಮೆಣಸಿನಕಾಯಿಯ ಸುಳಿವಿಲ್ಲ. ಬೆಂದ ಬೇಳೆ, ಬೆಂದ ಕುಂಬಳ. ನಾನು ತಲೆ ತಗ್ಗಿಸಿ ಉಂಡೆ. ಆಂಟಿ ಬಂದ ಮೇಲೆ ವಿಷಯ ತಿಳಿದು ಗೋಡೆಗೆ ಒರಗಿ ನಕ್ಕರು. "ಅಯ್ಯೋ ಟೀಚರಮ್ಮ, ಇವ್ರು ನಿನಗೂ ಡ್ಯೂಟಿ ಮಾಡ್ಬಿಟ್ರಲ್ಲೇ!" ಅಂಕಲ್ ಕೂಡ ನಕ್ಕರು. ಮಕ್ಕಳಿಲ್ಲದ ಆ ಮನೆಯಲ್ಲಿ ಆ ನಗುವಿಗೆ ಕೊರತೆಯಿರಲಿಲ್ಲ.

ಆಮೇಲೆ ಆಂಟಿಯ ಕಾಲು ಊದಿಕೊಳ್ಳತೊಡಗಿತು. ಮುಖವೂ ಊದಿತು. ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಸೋತಿವೆ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಊಟಕ್ಕೆ ಬಂದದ್ದು ಒಂದು ಪಟ್ಟಿ: ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನಕಾಯಿ, ಹಪ್ಪಳ ಮುಟ್ಟುವಂತಿಲ್ಲ. ತರಕಾರಿಯನ್ನು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ತಿನ್ನಬೇಕು. ಎಲ್ಲವೂ ಅಳತೆಯಲ್ಲಿ.

ಆ ಪಟ್ಟಿಯನ್ನು ಅಂಕಲ್ ನನ್ನ ಕೈಯಲ್ಲಿ ಎರಡು ಸಲ ಓದಿಸಿದರು. ಓದಿ ಮುಗಿಸಿದಾಗ ಅವರ ಮುಖದಲ್ಲಿ ಕಂಡದ್ದನ್ನು ಸಂತೋಷ ಎಂದರೆ ತಪ್ಪಾದೀತು. ಆದರೆ ಬೇರೆ ಪದ ನನಗೆ ಸಿಗುತ್ತಿಲ್ಲ. "ಇದು ನನಗೆ ಬರುತ್ತೆ ಟೀಚರಮ್ಮ. ಇದನ್ನೇ ಅಲ್ವಾ ನಾನು ಜೀವಮಾನ ಪೂರ್ತಿ ಮಾಡಿದ್ದು?" ಎಂದರು. ಮದುವೆಯಾದ ಅಷ್ಟು ವರ್ಷದಲ್ಲಿ ಹೆಂಡತಿಗೆ ಮೊದಲ ಸಲ ಬೇಯಿಸಿ ಹಾಕುವ ಅವಕಾಶ ಸಿಕ್ಕಿತ್ತು, ಅದೂ ತಮಗೆ ಬರುವ ಒಂದೇ ಅಡುಗೆಯನ್ನು. ಅಂದಿನಿಂದ ಒಳಗಿನ ಒಲೆಯೂ ಅವರದಾಯಿತು. ನಾಯಿಗಳ ಊಟ ತೂಗುತ್ತಿದ್ದ ಅದೇ ತಕ್ಕಡಿ, ಅದೇ ಮಣಿಕಟ್ಟು, ಅದೇ ಮೊದಲ ತುತ್ತು. ಆಂಟಿ ತಟ್ಟೆ ದೂಡಿದ ದಿನ ಇವರು ತಮ್ಮ ತಟ್ಟೆಗೂ ಅದನ್ನೇ ಹಾಕಿಕೊಂಡು ಎದುರಿಗೆ ಕೂರುತ್ತಿದ್ದರು. "ನೋಡೇ, ಜಿಮ್ಮಿ ತಟ್ಟೆಗೂ ನನ್ ತಟ್ಟೆಗೂ ವ್ಯತ್ಯಾಸಾನೇ ಇಲ್ಲ. ಅವಳಿಗಾದ್ರೂ ವಾರಕ್ಕೊಂದ್ಸಲ ಕೋಳಿ ಇದೆ" ಎಂದು ಆಂಟಿ ನನಗೆ ದೂರು ಕೊಡುತ್ತಿದ್ದರು. ಆಗ ಅವರ ದೂರಿನಲ್ಲಿ ಇನ್ನೂ ತಮಾಷೆಯಿತ್ತು.

ಬರುಬರುತ್ತಾ ತಮಾಷೆ ಹೋಯಿತು. ಆಂಟಿ ಉಪ್ಪಿನಕಾಯಿ ಕೇಳತೊಡಗಿದರು. ಮೊದಲು ಜೋರು ಮಾಡಿ, ಆಮೇಲೆ ಗೋಗರೆದು, ಕೊನೆಗೆ ಮಕ್ಕಳ ಹಾಗೆ ಅತ್ತು. ಇವರದು ಒಂದೇ ಉತ್ತರ: "ಆರ್ಡರ್ ಇಲ್ಲ." ಒಂದು ಸಂಜೆ ಅಟ್ಟದ ಮೇಲಿದ್ದ ಜಾಡಿಗಳನ್ನೆಲ್ಲ ಇಳಿಸಿ, ಒರೆಸಿ, ಗೋಡೆಯ ಮೇಲೆ ಒಂದೊಂದೇ ಇಟ್ಟು ನನಗೆ ದಾಟಿಸಿದರು. ಒಟ್ಟು ಐದು ಜಾಡಿ. "ಮನೇಲಿದ್ರೆ ಅವ್ಳು ಬಿಡಲ್ಲ. ನೀವಿಟ್ಕೊಳಿ. ಎಷ್ಟು ಕೇಳಿದ್ರೂ ಕೊಡ್ಬೇಡಿ, ನನ್ಮೇಲಾಣೆ" ಎಂದರು. ನಾನು ಆಯಿತು ಎಂದೆ.

ಆ ಆಣೆಯನ್ನು ನಾನು ಒಂದು ತಿಂಗಳೂ ಉಳಿಸಿಕೊಳ್ಳಲಿಲ್ಲ.

ಅಂದು ರಜೆ. ಅಂಕಲ್ ಬಕೆಟ್ ಹಿಡಿದು ಕೆರೆಯ ಕಡೆ ಹೋಗಿದ್ದರು. ಆಂಟಿ ಹಿತ್ತಲಿಗೆ ಬಂದು ಗೋಡೆ ಹಿಡಿದು ನಿಂತಿದ್ದರು. ಅಷ್ಟು ದೂರ ನಡೆದದ್ದಕ್ಕೇ ಏದುಸಿರು. ನನ್ನನ್ನು ಕರೆದು, "ಮಿಡಿ ಜಾಡಿ ಯಾವ ಕಡೆ ಇಟ್ಟಿದೀಯ?" ಎಂದರು.

"ಬೇಡ ಆಂಟಿ. ಅಂಕಲ್ ಆಣೆ ಹಾಕಿಸ್ಕೊಂಡಿದಾರೆ."

"ಹಾಕಿಸ್ಕೊಳ್ಲಿ. ನನ್ ಕೈಯಾರೆ ಹಾಕಿದ್ದು ಕಣೇ ಅದು. ಊರಿಗೆಲ್ಲಾ ಕೊಟ್ಟಿದೀನಿ. ನನಗೇ ಇಲ್ವಾ?"

ನಾನು ಒಳಗೆ ಹೋಗಿ ಇದ್ದುದರಲ್ಲಿ ಸಣ್ಣದೊಂದು ಮಿಡಿ ತೆಗೆದು, ಅದರಲ್ಲಿ ಒಂದು ಚೂರು ಕತ್ತರಿಸಿ, ಚಮಚದಲ್ಲಿ ತಂದುಕೊಟ್ಟೆ. ಆಂಟಿ ಅದನ್ನು ಅಗಿಯಲಿಲ್ಲ. ಬಾಯಲ್ಲಿಟ್ಟು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಚೀಪಿದರು. ಆಮೇಲೆ, "ಈ ಸಲ ಸಾಸಿವೆ ಒಂದು ಕೈ ಮುಂದಾಗಿದೆ" ಎಂದರು. ಮುಖದಲ್ಲಿ ಹಳೆಯ ಆಂಟಿ ಬಂದು ಹೋದರು. ವಾಸನೆ ಬರಬಾರದೆಂದು ನನ್ನಿಂದ ನೀರು ಹಾಕಿಸಿಕೊಂಡು ಬಾಯಿ ಮುಕ್ಕಳಿಸಿದರು. "ಇವ್ರಿಗೆ ಹೇಳ್ಬೇಡ. ಪಾಪ, ನೊಂದ್ಕೋತಾರೆ" ಎಂದು ಹೇಳಿ ಗೋಡೆ ಹಿಡಿದುಕೊಂಡೇ ಒಳಗೆ ಹೋದರು.

ನಾಲ್ಕನೆಯ ದಿನ ತೀರಿಕೊಂಡರು. ಹೃದಯ ನಿಂತಿತು ಎಂದರು. ನಾನು ಕೊಟ್ಟ ಆ ಚೂರಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಯಾವ ಡಾಕ್ಟರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ. ಇಂದಿಗೂ ಕೇಳಿಲ್ಲ.

ಹನ್ನೊಂದನೆಯ ದಿನ ಎಡೆ ಇಟ್ಟರು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸುವುದು ಕ್ರಮ. ಅಂಕಲ್ ಬೆಳಿಗ್ಗೆಯೇ ಗೋಡೆಯ ಬಳಿ ಬಂದು ಜಾಡಿ ಕೇಳಿದರು. ಮಿಡಿಯ ಜಾಡಿಯನ್ನೇ ಕೊಟ್ಟೆ. ಎಲೆಯ ಮೇಲೆ ಬಡಿಸಲಿಲ್ಲ, ಇಡೀ ಜಾಡಿಯನ್ನು ಆಂಟಿಯ ಫೋಟೋದ ಮುಂದಿಟ್ಟು ಮುಚ್ಚಳ ತೆಗೆದರು. ಬಂದ ನೆಂಟರೆಲ್ಲ ನೋಡುತ್ತಿದ್ದಂತೆ, "ಒಂದ್ ಚೂರು ಕೊಡು ಅಂತ ಕಾಲು ಹಿಡ್ಕೊಂಡ್ಳು. ಕೊಡ್ಲಿಲ್ಲ ನಾನು. ಬಾಯಿ ಸಪ್ಪೆ ಮಾಡ್ಕೊಂಡೇ ಹೋದ್ಳು" ಎಂದು ಎದೆ ಒತ್ತಿಕೊಂಡು ಅತ್ತರು. ಇಲ್ಲ ಅಂಕಲ್, ತಿಂದು ಹೋದರು ಎಂದು ನಾನು ಆಗಲೇ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಅಲ್ಲಿದ್ದವರೆಲ್ಲ ನನ್ನತ್ತ ತಿರುಗಿ, ಹಾಗಾದರೆ ನೀನೇ ಕೊಂದೆಯಾ ಎಂದು ಕೇಳುತ್ತಾರೆ ಅನ್ನಿಸಿತು. ನುಂಗಿಕೊಂಡೆ.

ಮರುದಿನದಿಂದ ಅಂಕಲ್ ಉಪ್ಪು ಬಿಟ್ಟರು. ಮೊದಮೊದಲು ಇದು ನನಗೆ ಗೊತ್ತಾಗಲಿಲ್ಲ. ಹೆಂಡತಿಗೆ ಮಾಡುತ್ತಿದ್ದ ಅಡುಗೆಯನ್ನೇ ರೂಢಿಯ ಮೇಲೆ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ನಮ್ಮ ಮನೆಯ ಹುಳಿ ಕೊಡಲು ಹೋದರೆ ಬೇಡವೆಂದರು. ಹಿತ್ತಲ ದಬರಿಯಿಂದಲೇ ತಮ್ಮ ತಟ್ಟೆಗೆ ಹಾಕಿಕೊಂಡು, ಉಳಿದದ್ದನ್ನು ಬಕೆಟ್ಟಿಗೆ ತುಂಬುತ್ತಿದ್ದರು. ನಾಯಿಗಳಿಗೆ ಮಾಡಿದ್ದೇ ಅವರಿಗೂ. "ಅವ್ಳಿಗೆ ಕೊಡದೇ ಇದ್ದದ್ದು ನನಗ್ಯಾಕೆ?" ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಹದಿನಾಲ್ಕು ತಿಂಗಳು ಬಿಡಲಿಲ್ಲ. ದಿನಾ ಬೆಳಿಗ್ಗೆ ಅದೇ ಗೋಡೆಯ ಆಚೆ ಅವರು ಕುಂಬಳ ಹೆಚ್ಚುತ್ತಿದ್ದರು, ಈಚೆ ನಾನು ಜಿಮ್ಮಿಗೆ ಮೊಟ್ಟೆ ಸುಲಿಯುತ್ತಿದ್ದೆ. ಅವರ ಕುತ್ತಿಗೆ ಸಣ್ಣದಾಯಿತು, ಷರಟು ದೊಡ್ಡದಾಯಿತು. ಬಕೆಟ್ ಎರಡರಿಂದ ಒಂದಕ್ಕೆ ಇಳಿಯಿತು. ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಬೇಕು ಎಂದು ಪಾಠ ಮಾಡಿ ಬರುವ ನಾನು ಇದೆಲ್ಲವನ್ನೂ ನೋಡುತ್ತಾ ನಾಳೆ ಹೇಳಿದರಾಯಿತು ಎನ್ನುತ್ತಿದ್ದೆ.

ಹೋದ ತಿಂಗಳ ಮೊದಲ ವಾರ ಅವರು ಕೆರೆಯ ಬಳಿ ಕುಸಿದುಬಿದ್ದರು. ಆಟೋದವರು ಯಾರೋ ಮನೆಗೆ ಕರೆತಂದರು. ನಾನು ಆಸ್ಪತ್ರೆಗೆ ಸೇರಿಸಿದೆ. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ನನ್ನನ್ನು ಮಗಳೆಂದುಕೊಂಡು ಗದರಿದರು. "ಇವ್ರ ಮೈಯಲ್ಲಿ ಉಪ್ಪೇ ಇಲ್ವಲ್ಲ! ವಯಸ್ಸಾದೋರಿಗೆ ಏನ್ ಊಟ ಹಾಕ್ತಿದೀರಾ ಮನೇಲಿ?" ಡ್ರಿಪ್ ಏರಿಸಿದರು. ಹೃದಯವೂ ದುರ್ಬಲವಾಗಿದೆ, ಏನೂ ಹೇಳುವುದಕ್ಕೆ ಆಗುವುದಿಲ್ಲ ಎಂದರು. ಅಲ್ಲಿಂದ ಅವರು ಮನೆಗೆ ಮರಳಲಿಲ್ಲ, ಐದನೆಯ ದಿನ ಹೋದರು. ಜೀವ ಹೋದದ್ದು ಹೃದಯದಿಂದ ಎಂದು ಕಾಗದದಲ್ಲಿ ಬರೆದಿದೆ. ನನ್ನ ಮೌನಕ್ಕೆ ಅದರಲ್ಲಿ ಎಷ್ಟು ಪಾಲು ಎಂದು ಯಾವ ಕಾಗದವೂ ಹೇಳುವುದಿಲ್ಲ. ನನಗೆ ಗೊತ್ತು. ಹನ್ನೊಂದನೆಯ ದಿನವೇ ಹೇಳಿದ್ದರೆ ಆ ಮನುಷ್ಯ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು.

ಆದರೆ ಆಸ್ಪತ್ರೆ ಸೇರಿದ ಎರಡನೆಯ ದಿನ ಅವರಿಗೆ ಚೆನ್ನಾಗಿ ಎಚ್ಚರವಿತ್ತು. ಮಧ್ಯಾಹ್ನ. ಆಸ್ಪತ್ರೆಯವರು ಗಂಜಿ ತಂದಿಟ್ಟರು. ಒಂದು ಚಮಚ ಬಾಯಿಗಿಟ್ಟು, ಉಪ್ಪು ಇದೆ ಎಂದು ಪಕ್ಕಕ್ಕೆ ಸರಿಸಿದರು. ನಾನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಇನ್ನು ತಡೆಯಲಾಗಲಿಲ್ಲ. ಮಂಚದ ಅಂಚು ಹಿಡಿದುಕೊಂಡು ಹೇಳಿಬಿಟ್ಟೆ.

"ಅಂಕಲ್, ಆಂಟಿ ಉಪ್ಪಿನಕಾಯಿ ತಿಂದಿದ್ರು. ನಾನೇ ಕೊಟ್ಟೆ. ನೀವು ಕೆರೆ ಕಡೆ ಹೋಗಿದ್ರಿ. ಆಂಟಿ ಹೋಗೋಕೆ ನಾಲ್ಕು ದಿನ ಮುಂಚೆ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಸಾಕು ಎಂದುಕೊಂಡೆ. ನಾನು ಅಳುತ್ತಾ, ಆಣೆ ಮುರಿದೆ, ಹೇಳಲು ಹೆದರಿದೆ, ನನ್ನಿಂದಲೇ ಏನಾದರೂ ಆಯಿತೋ ಏನೋ ಎಂದು ಏನೇನೋ ಬಡಬಡಿಸಿದೆ. ಅದು ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಯಾವ್ದು? ಮಿಡೀನಾ?" ಎಂದರು.

"ಹೂಂ. ಮಿಡಿ."

"ಎಷ್ಟು ಕೊಟ್ರಿ?"

"ಒಂದ್ ಚೂರು ಅಂಕಲ್. ಒಂದೇ ಚೂರು. ನಿಜವಾಗ್ಲೂ."

ಡ್ರಿಪ್ ಹಾಕಿದ ಕೈಯನ್ನು ಮೆಲ್ಲಗೆ ಎತ್ತಿ ನನ್ನ ತಲೆಯ ಮೇಲಿಟ್ಟರು. ಅವರ ಕಣ್ಣಿಂದ ನೀರು ಇಳಿದು ದಿಂಬಿಗೆ ಹೋಗುತ್ತಿತ್ತು.

"ಇನ್ನೊಂದು ಕೊಡ್ಬೇಕಿತ್ತು ಟೀಚರಮ್ಮ. ಅವ್ಳಿಗೆ ಒಂದು ಎಲ್ಲಿ ಸಾಕಾಗುತ್ತೆ?"